ಬೂವನಹಳ್ಳಿಯ ಬಿಳಿ ಹೊಗೆ

ಬೂವನಹಳ್ಳಿ ಅಂದರೆ ಈಗ ಎಲ್ಲರಿಗೂ ನೆನಪಾಗೋದು ವಿಮಾನ ನಿಲ್ದಾಣ. ಹಾಸನದ ಪಕ್ಕದ ಈ ಊರಿನ ಹೆಸರು ಪೇಪರಿನಲ್ಲಿ ಬಂದಾಗಲೆಲ್ಲ ರನ್‌ವೇ ಎಲ್ಲಿಗೆ ಬಂತು, ವಿಮಾನ ಯಾವಾಗ ಇಳಿಯುತ್ತೆ ಅನ್ನೋ ಮಾತೇ. ನನಗೆ ಮಾತ್ರ ಆ ಹೆಸರು ಕೇಳಿದರೆ ಕಣ್ಣ ಮುಂದೆ ಬರೋದು ದೊಡ್ಡಪ್ಪನ ತೆಂಗಿನ ತೋಟದ ಶೆಡ್ಡು, ಅದರೊಳಗೆ ಟಾರ್ಪಾಲು ಹೊದ್ದು ಮಲಗಿರೋ 1964ರ ಷೆವರ್ಲೆ ಇಂಪಾಲಾ. 17 ಅಡಿಗೂ ಮೀರಿದ ಉದ್ದ, ಎಡಗಡೆ ಸ್ಟೀರಿಂಗ್, ಕ್ಲಚ್ ಪೆಡಲ್ ಇಲ್ಲ. ಚಿಕ್ಕವನಿದ್ದಾಗ ನಾನು ಆ ಖಾಲಿ ಜಾಗ ನೋಡಿ ಯಾರೋ ಪೆಡಲ್ ಕದ್ದಿದ್ದಾರೆ ಅಂದುಕೊಂಡಿದ್ದೆ.

ತಾತ ಅದನ್ನ ಕೊಂಡದ್ದು 1974ರಲ್ಲಿ. ಮೊದಲು ದೆಹಲಿಯ ಯಾವುದೋ ರಾಯಭಾರ ಕಚೇರಿಯಲ್ಲಿ ಇತ್ತಂತೆ, ಆಮೇಲೆ ಬೆಂಗಳೂರಿನ ಒಬ್ಬ ವ್ಯಾಪಾರಿಯ ಕೈಗೆ ಬಂದು, ಅಲ್ಲಿಂದ ನಮ್ಮ ಮನೆಗೆ. ತಾತ ಹೋದ ಮೇಲೆ ದೊಡ್ಡಪ್ಪ ಅದನ್ನ ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೀತಾರೆ: ಆಯುಧಪೂಜೆ, ಯುಗಾದಿ, ಮನೆಯಲ್ಲಿ ಯಾರದಾದರೂ ಮದುವೆ, ಮತ್ತೆ ಸುಮ್ಮನೆ ಒಂದು ಸಲ.

ಮೂರು ವರ್ಷದ ಹಿಂದೆ ಆ 'ಸುಮ್ಮನೆ' ಸಲದಲ್ಲಿ ಗಾಡಿ ಬಿಳಿ ಹೊಗೆ ಉಗುಳೋಕೆ ಶುರು ಮಾಡ್ತು. ಅಂತಿಂಥ ಹೊಗೆಯಲ್ಲ. ಸೊಳ್ಳೆಗೆ ಮುನಿಸಿಪಾಲಿಟಿಯವರು ಹೊಡೀತಾರಲ್ಲ, ಹಾಗೆ. ಅದರ ಜೊತೆಗೆ ಡಿ ಗೇರಿಗೆ ಹಾಕಿದರೆ ಗಾಡಿ ಎರಡು ಮೂರು ಸೆಕೆಂಡ್ ಯೋಚನೆ ಮಾಡಿ ಆಮೇಲೆ ಹೊರಡೋದು. ಏರಿನಲ್ಲಿ ಎಂಜಿನ್ ಕಿರುಚುತ್ತೆ, ಚಕ್ರ ಮಾತ್ರ ನಿಧಾನ. ಗೇರು ಬದಲಾದಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಜರ್ಕ್.

ಮೊದಲು ಒಂದು ಗ್ಯಾರೇಜಿನವರು ಬಂದು ನೋಡಿದರು. ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದರು. ಎರಡನೆಯವರು ಹೆಡ್ ಗ್ಯಾಸ್ಕೆಟ್ ಅಂದರು. ಇಬ್ಬರೂ ಒಪ್ಪಿದ ಒಂದು ಮಾತು ಮಾತ್ರ ಇತ್ತು: "ಈ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಸತ್ತೋಗದೆ. ಇಳಿಸಿ ಬಿಸಾಕಿ, ಎಂಜಿನ್ನೂ ಇಳಿಸಿ, ಒಂದು ಡೀಸೆಲ್ ಎಂಜಿನ್ನು, ಮ್ಯಾನುಯಲ್ ಬಾಕ್ಸು ಕೂರಿಸ್ಕೊಡ್ತೀವಿ. ಮೈಲೇಜೂ ಬರ್ತದೆ."

ದೊಡ್ಡಪ್ಪ ಆ ರಾತ್ರಿ ನನಗೆ ಫೋನ್ ಮಾಡಿ, "ಮಗಾ, ಮಾರಿಬಿಡೋಣ ಅನ್ಸತ್ತೆ ಕಣೋ. ಅಪ್ಪನ ಗಾಡಿಗೆ ಟ್ರ್ಯಾಕ್ಟರ್ ಎಂಜಿನ್ ಹಾಕಿ ಓಡ್ಸೋದಕ್ಕಿಂತ ಅದೇ ವಾಸಿ" ಅಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ನನಗೆ ಕಷ್ಟ ಆಗಿದ್ದು.

ಆಗ ನಾನು ಓದೋಕೆ ಶುರು ಮಾಡಿದೆ. ಗಾಡಿ ರಿಪೇರಿ ಬಗ್ಗೆ ಓದಲು ಹೋದವನು ಇತಿಹಾಸದಲ್ಲಿ ಸಿಕ್ಕಿಹಾಕಿಕೊಂಡೆ. ನನಗೆ ಬೇಕಾಗಿದ್ದ ಪ್ರಶ್ನೆ ಒಂದೇ: ನಮ್ಮಲ್ಲಿ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಅಂದ ತಕ್ಷಣ ಯಾಕೆ ಎಲ್ಲರೂ 'ಇಳಿಸಿ ಬಿಸಾಕಿ' ಅಂತಾರೆ?

ಈ ಯಂತ್ರದ ಮೂಲ ಕಾರಿನಲ್ಲಿಲ್ಲ, ಹಡಗಿನಲ್ಲಿದೆ. ಹರ್ಮನ್ ಫ್ಯೋಟಿಂಗರ್ ಅನ್ನೋ ಜರ್ಮನ್ ಎಂಜಿನಿಯರ್ ಸ್ಟೆಟಿನ್ ಊರಿನ ಹಡಗುಕಟ್ಟೆಯಲ್ಲಿ ಕೆಲಸ ಮಾಡ್ತಿದ್ದ. ಸ್ಟೀಮ್ ಟರ್ಬೈನು ತುಂಬಾ ಜೋರಾಗಿ ತಿರುಗುತ್ತೆ, ಹಡಗಿನ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗಬೇಕು. ನಡುವೆ ಹಲ್ಲಿನ ಚಕ್ರಗಳ ಬದಲು ದ್ರವವನ್ನೇ ಇಟ್ಟರೆ ಹೇಗೆ ಅಂತ ಯೋಚಿಸಿ 1905ರಲ್ಲಿ ಪೇಟೆಂಟ್ ತಗೊಂಡ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನ ಮಾತ್ರ ಆನ್ ಮಾಡಿ ನೋಡಿ, ಇನ್ನೊಂದೂ ತಾನಾಗಿ ತಿರುಗುತ್ತೆ. ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿ, ಎರಡನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿದರೆ ಅದೇ ಫ್ಲೂಯಿಡ್ ಕಪ್ಲಿಂಗ್. ನಡುವೆ ಎಣ್ಣೆಯನ್ನ ಸರಿಯಾದ ಕೋನಕ್ಕೆ ತಿರುಗಿಸಿ ಕೊಡೋ ಮೂರನೇ ಚಕ್ರ ಒಂದನ್ನ ಸೇರಿಸಿದರೆ ಟಾರ್ಕ್ ಕನ್ವರ್ಟರ್. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತಾಗ ನಿಮ್ಮ ಕಾರು ಆಫ್ ಆಗದೆ ಇರೋದು ಈ ಎಣ್ಣೆ ಜಾರೋದರಿಂದಲೇ.

1930ರ ಹೊತ್ತಿಗೆ ಇಂಗ್ಲೆಂಡಿನ ಡೈಮ್ಲರ್ ಕಂಪನಿ ಈ ಫ್ಲೂಯಿಡ್ ಕಪ್ಲಿಂಗನ್ನ ಕಾರಿಗೆ ತಂದಿತ್ತು, ಆದರೆ ಗೇರನ್ನ ಮಾತ್ರ ಡ್ರೈವರೇ ಆರಿಸಬೇಕಿತ್ತು. ಪೂರ್ತಿ ತಾನೇ ಗೇರು ಬದಲಿಸೋ ಗಾಡಿ ದೊಡ್ಡ ಪ್ರಮಾಣದಲ್ಲಿ ಬಂದದ್ದು ಅಮೆರಿಕದಲ್ಲಿ. ಜನರಲ್ ಮೋಟರ್ಸ್‌ನಲ್ಲಿ ಅರ್ಲ್ ಥಾಂಪ್ಸನ್ ಅನ್ನೋರ ತಂಡ ಮಾಡಿದ ಹೈಡ್ರಾಮ್ಯಾಟಿಕ್, 1940ರ ಮಾಡೆಲ್ಲಿನ ಓಲ್ಡ್ಸ್‌ಮೊಬೈಲ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಅದೇ ಬಾಕ್ಸನ್ನ ಅಮೆರಿಕದ ಹಗುರ ಟ್ಯಾಂಕುಗಳಿಗೆ ಕೂರಿಸಿದರು. ಯುದ್ಧ ಮುಗಿದ ಮೇಲೆ, 1952ರಿಂದ, ರೋಲ್ಸ್‌ರಾಯ್ಸ್‌ನವರೂ ಅದನ್ನೇ ತಗೊಂಡು ತಮ್ಮ ಕಾರಿಗೆ ಹಾಕಿದರು. ಷೆವರ್ಲೆಯಂಥ ಸಾಮಾನ್ಯರ ಕಾರಿಗೆ ಆಟೊಮ್ಯಾಟಿಕ್ ಬಂದದ್ದು 1950ರಲ್ಲಿ. ಅದರ ಹೆಸರು ಪವರ್‌ಗ್ಲೈಡ್. ಮುಂದಕ್ಕೆ ಎರಡೇ ಗೇರು. ನಮ್ಮ ಇಂಪಾಲಾದಲ್ಲಿ ಇರೋದು ಇದೇ.

ಈಗ ಭಾರತಕ್ಕೆ ಬರೋಣ. ಜನರಲ್ ಮೋಟರ್ಸ್ 1928ರಿಂದಲೇ ಬೊಂಬಾಯಿಯ ಶಿವಡಿಯಲ್ಲಿ ಕಾರು ಜೋಡಿಸ್ತಿತ್ತು. ಫೋರ್ಡ್ ಕೂಡ ಇತ್ತು. ಅಂದರೆ ಬಿಡಿಭಾಗ, ಸರ್ವಿಸ್ ಪುಸ್ತಕ, ತರಬೇತಿ ಪಡೆದ ಮೆಕ್ಯಾನಿಕ್ಕು, ಎಲ್ಲದಕ್ಕೂ ಒಂದು ದಾರಿ ಇತ್ತು. ಆದರೆ 1953ರ ಸುಮಾರಿಗೆ ಸರ್ಕಾರ ಹೇಳಿತು: ಬರೀ ಹೊರಗಿನಿಂದ ತಂದು ಜೋಡಿಸೋದು ಸಾಕು, ಇಲ್ಲೇ ತಯಾರು ಮಾಡೋ ಯೋಜನೆ ಇದ್ದರೆ ಇರಿ, ಇಲ್ಲಾಂದ್ರೆ ಹೊರಡಿ. 1954ರಲ್ಲಿ ಎರಡೂ ಅಮೆರಿಕನ್ ಕಂಪನಿಗಳು ಬಾಗಿಲು ಹಾಕಿಕೊಂಡು ಹೋದವು. ತಾರೀಖು ಗಮನಿಸಿ. ಪವರ್‌ಗ್ಲೈಡ್ ಹುಟ್ಟಿ ನಾಲ್ಕೇ ವರ್ಷ. ಆಟೊಮ್ಯಾಟಿಕ್ ಅನ್ನೋದು ಜಗತ್ತಿನಲ್ಲಿ ಸಾಮಾನ್ಯ ಆಗೋ ಹೊತ್ತಿಗೆ ಸರಿಯಾಗಿ ನಮ್ಮ ಬಾಗಿಲು ಮುಚ್ಚಿತು. ಆ ನೀತಿ ತಪ್ಪು ಅಂತ ನಾನು ಹೇಳ್ತಿಲ್ಲ. ಆಗಷ್ಟೇ ಎದ್ದು ನಿಲ್ಲುತ್ತಿದ್ದ ದೇಶಕ್ಕೆ ಡಾಲರ್ ಖರ್ಚು ಮಾಡಿ ಇಂಪಾಲಾ ತರಿಸೋದಕ್ಕಿಂತ ಮುಖ್ಯವಾದ ಕೆಲಸ ಬಹಳ ಇತ್ತು. ಆಮೇಲಿನ ಮೂರು ದಶಕ ನಮಗೆ ಸಿಕ್ಕಿದ್ದು ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಹಾಸನದ ಬಿ.ಎಂ. ರಸ್ತೆಯ ಮೆಕ್ಯಾನಿಕ್ಕುಗಳು ಕಲಿತದ್ದೂ ಇವುಗಳ ಮೇಲೇ, ಕ್ಲಚ್ಚು ಪ್ರೆಷರ್ ಪ್ಲೇಟಿನ ಮೇಲೇ.

ಹಾಗಂತ ಆಟೊಮ್ಯಾಟಿಕ್ ಗಾಡಿಗಳು ಬರೋದು ನಿಲ್ಲಲಿಲ್ಲ. ವಿದೇಶಿ ರಾಜತಾಂತ್ರಿಕರು ತಮ್ಮ ಕಾರು ತರಬಹುದಿತ್ತು. ಅವರು ದೇಶ ಬಿಟ್ಟು ಹೋಗುವಾಗ ಆ ಕಾರುಗಳು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್, ಅಂದರೆ 1956ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಅದರ ಮೂಲಕ ಮಾರಾಟ ಆಗ್ತಿದ್ದವು. ಸಿನಿಮಾದವರು, ಗುತ್ತಿಗೆದಾರರು, ನಮ್ಮ ಕಡೆ ಕಾಫಿ ತೋಟದವರು ಕೊಳ್ತಿದ್ದರು. ಗಾಡಿ ಬಂತು, ಪುಸ್ತಕ ಬರಲಿಲ್ಲ. ಬಿಡಿಭಾಗಕ್ಕೆ ಆಮದು ಲೈಸೆನ್ಸ್ ಬೇಕು. ಗೇರ್ ಬಾಕ್ಸಿಗೆ ಹಾಕೋ ಕೆಂಪು ಎಣ್ಣೆ ಊರಲ್ಲಿ ಸಿಗಲ್ಲ. ಅದರ ಮೇಲೆ 1973ರ ತೈಲ ಬಿಕ್ಕಟ್ಟು. ಪೆಟ್ರೋಲ್ ಬೆಲೆ ಏರಿದ ಹೊಡೆತಕ್ಕೆ ಇಂಥ ಕಾರುಗಳ ಬೆಲೆ ಬಿದ್ದುಹೋಯಿತು. ನಮ್ಮ ತಾತನ ಕೈಗೆ ಇಂಪಾಲಾ ಎಟುಕಿದ್ದೇ ಹಾಗೆ. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸೋ ಕೆಲಸ ಆಗ ಊರೂರಲ್ಲಿ ಶುರುವಾಯಿತು. ಎಂಜಿನ್ ಜೊತೆ ಗೇರ್ ಬಾಕ್ಸೂ ಹೋಯಿತು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅವು ಅಲ್ಯೂಮಿನಿಯಂ ತೂಕಕ್ಕೆ ಹೋದವು.

ಇಷ್ಟು ಓದಿದ ಮೇಲೆ ನನಗೆ 'ಇಳಿಸಿ ಬಿಸಾಕಿ' ಅನ್ನೋದರ ಅರ್ಥ ಆಯಿತು. ಅದು ರೋಗ ನೋಡಿ ಹೇಳಿದ ಮಾತಲ್ಲ. ಐವತ್ತು ವರ್ಷದ ಹಿಂದೆ, ಬೇರೆ ಕಾರಣಕ್ಕೆ, ಅಭ್ಯಾಸ ಆಗಿಹೋದ ಮಾತು.

ದೊಡ್ಡಪ್ಪನಿಗೆ ಒಂದು ತಿಂಗಳು ತಡೀರಿ ಅಂದೆ. ಹಾಸನದಲ್ಲಿ ಗೆಳೆಯನೊಬ್ಬ ಒಬ್ಬ ಮೇಸ್ತ್ರಿಯ ಬಗ್ಗೆ ಹೇಳಿದ. ಎಪ್ಪತ್ತು ದಾಟಿದ್ದಾರೆ, ಕೆಲಸ ಬಿಟ್ಟು ಹತ್ತು ವರ್ಷ ಆಗಿದೆ, ಮೊಮ್ಮಕ್ಕಳನ್ನ ಸ್ಕೂಲಿಗೆ ಬಿಡೋದೇ ಈಗ ಅವರ ಡ್ಯೂಟಿ. ಫೋನಿನಲ್ಲಿ ಆಗಲ್ಲ ಅಂದೇಬಿಟ್ಟರು. ಗಾಡಿ ಯಾವುದು ಅಂತ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಗೆ ಯಾವ ಬಣ್ಣ ಅಂದ್ರಿ?" ಅಂತ ಕೇಳಿದರು. ಮಾರನೇ ಭಾನುವಾರ ಬೂವನಹಳ್ಳಿಗೆ ಬಂದರು.

ಬಂದವರು ಬಾನೆಟ್ ಎತ್ತಿಸಿದರು, ಆದರೆ ಒಂದು ನಟ್ಟೂ ಮುಟ್ಟಲಿಲ್ಲ. ಗಾಡಿ ಸ್ಟಾರ್ಟ್ ಮಾಡಿಸಿ, ಎಂಜಿನ್ ಬಿಸಿ ಆಗೋವರೆಗೆ ಕೂತು ಕಾಫಿ ಕುಡಿದರು. ಆಮೇಲೆ ಎಂಜಿನ್ ಓಡ್ತಿರೋವಾಗಲೇ ಗೇರ್ ಬಾಕ್ಸಿನ ಡಿಪ್ ಸ್ಟಿಕ್ ಎಳೆದರು. ದೊಡ್ಡಪ್ಪ, "ಆಫ್ ಮಾಡಿ ನೋಡ್ಬೇಕಲ್ವ ಮೇಸ್ತ್ರಿ?" ಅಂದರು.

"ಅದು ಎಂಜಿನ್ ಆಯಿಲ್‌ಗೆ ಗೌಡ್ರೆ. ಇದನ್ನ ಆಫ್ ಮಾಡಿ ನೋಡಿದ್ರೆ ಸುಳ್ಳು ಹೇಳ್ತದೆ."

ಈ ಒಂದು ವಾಕ್ಯದಲ್ಲಿ ಎಷ್ಟು ಗಾಡಿಗಳ ಕಥೆ ಇದೆ ಅಂತ ಆಮೇಲೆ ಗೊತ್ತಾಯಿತು. ಎಂಜಿನ್ ನಿಂತಾಗ ಮೇಲಿರೋ ಎಣ್ಣೆ ಕೆಳಗೆ ಇಳಿದು ಕಡ್ಡಿಯಲ್ಲಿ ಮಟ್ಟ ಜಾಸ್ತಿ ತೋರಿಸುತ್ತೆ. ಅಂಬಾಸಿಡರ್ ಅಭ್ಯಾಸದಲ್ಲಿ ಆಫ್ ಮಾಡಿ ನೋಡಿದವನಿಗೆ 'ಎಣ್ಣೆ ಫುಲ್ ಇದೆ' ಅನ್ಸುತ್ತೆ. ನಿಜಕ್ಕೂ ಕಡಿಮೆ ಇರುತ್ತೆ. ಪಂಪು ಗಾಳಿ ಎಳೆಯುತ್ತೆ, ಒತ್ತಡ ಬರಲ್ಲ, ಗಾಡಿ ಹೊರಡೋಕೆ ತಡ ಮಾಡುತ್ತೆ, ಏರಿನಲ್ಲಿ ಜಾರುತ್ತೆ. ಬಾಕ್ಸ್ ಸತ್ತಿದೆ ಅಂತ ತೀರ್ಪು. ನಮ್ಮ ಗಾಡಿಯಲ್ಲೂ ಹಿಂದಿನ ಇಬ್ಬರು ನೋಡಿದ್ದು ಆಫ್ ಮಾಡಿಯೇ. ಈಗ ನೋಡಿದರೆ ಕಡ್ಡಿಯ ತುದಿ ಮಾತ್ರ ಒದ್ದೆ.

ಮೇಸ್ತ್ರಿ ಆ ತುದಿಯನ್ನ ಬಿಳಿ ಬಟ್ಟೆಗೆ ಒರೆಸಿ, ಮೂಸಿ ನೋಡಿ, ನನ್ನ ಮೂಗಿಗೂ ಹಿಡಿದರು. ಕೆಂಪು ಬಣ್ಣ, ಸುಟ್ಟ ವಾಸನೆ ಇಲ್ಲ. ಕಪ್ಪಗೆ ಕಂದಾಗಿ, ಅನ್ನ ಸೀದ ಹಾಗೆ ವಾಸನೆ ಬಂದಿದ್ದರೆ ಒಳಗೆ ಕ್ಲಚ್ ಪ್ಲೇಟುಗಳು ಸುಟ್ಟಿವೆ ಅಂತ. ಸ್ಟ್ರಾಬೆರಿ ಮಿಲ್ಕ್‌ಶೇಕ್ ಥರ ಇದ್ದರೆ ರೇಡಿಯೇಟರ್ ನೀರು ಸೇರಿದೆ ಅಂತ, ಯಾಕಂದ್ರೆ ಈ ಎಣ್ಣೆ ತಣ್ಣಗಾಗೋದು ರೇಡಿಯೇಟರಿನ ಒಳಗಿರೋ ಕೊಳವೆಯಲ್ಲಿ. ನೊರೆ ಇದ್ದರೆ ಗಾಳಿ. ನಮ್ಮದು ಇದ್ಯಾವುದೂ ಅಲ್ಲ. "ಎಣ್ಣೆ ಚೆನ್ನಾಗೈತೆ, ಆದ್ರೆ ಇಲ್ಲ" ಅಂದರು.

ಎಲ್ಲಿ ಹೋಯಿತು? ಶೆಡ್ಡಿನ ನೆಲದ ಮೇಲೆ ಒಂದು ಹನಿ ಬಿದ್ದಿಲ್ಲ. ದೊಡ್ಡಪ್ಪ ನೆಲಕ್ಕೆ ರಟ್ಟು ಹಾಸಿದ್ದರು, ರಟ್ಟು ಒಣಗಿತ್ತು.

ಇಲ್ಲಿಂದ ಮುಂದಿನದ್ದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಾನು ದಿನಾ ಆಫೀಸಿನಲ್ಲಿ ಮಾಡೋ ಕೆಲಸವೂ ಹೆಚ್ಚುಕಮ್ಮಿ ಇದೇ, ಎಲ್ಲಿ ತಪ್ಪಿದೆ ಅಂತ ಹುಡುಕೋದು. ಇಷ್ಟು ಶಿಸ್ತಿನಿಂದ ಹುಡುಕೋರನ್ನ ನಾನು ಅಲ್ಲಿ ಜಾಸ್ತಿ ನೋಡಿಲ್ಲ.

ಮೊದಲು ಬಾಕ್ಸಿನ ಒಳಗೆ ಏನು ಸರಿ ಇದೆ ಅನ್ನೋದನ್ನ ಗಟ್ಟಿ ಮಾಡಿಕೊಂಡರು. ಎಣ್ಣೆ ಮಟ್ಟ ಸರಿ ಮಾಡಿ, ಒಂದೊಂದೇ ಗೇರಿಗೆ ಹಾಕಿಸಿದರು. ಪವರ್‌ಗ್ಲೈಡ್ ಸರಳ ಯಂತ್ರ. ಎಲ್ ಗೇರಿಗೂ, ಡಿ ಹಾಕಿ ಹೊರಡೋವಾಗಲೂ ಕೆಲಸ ಮಾಡೋದು ಒಂದೇ ಉಕ್ಕಿನ ಪಟ್ಟಿ, ಒಂದು ಡ್ರಮ್ಮನ್ನ ಬಿಗಿದು ಹಿಡಿಯುತ್ತೆ. ವೇಗ ಹೆಚ್ಚಾದ ಮೇಲೆ ಆ ಪಟ್ಟಿ ಬಿಟ್ಟು ಒಂದು ಕ್ಲಚ್ಚು ಹಿಡಿಯುತ್ತೆ. ರಿವರ್ಸಿಗೆ ಬೇರೆ ಕ್ಲಚ್ಚು. ಹಾಗಾಗಿ ರಿವರ್ಸ್ ಹೋಗಿ ಎಲ್ಲೂ ಡಿಯೂ ಹೋಗದಿದ್ದರೆ ಪಟ್ಟಿ ಸವೆದಿದೆ. ಹೊರಡುವಾಗ ಸರಿ ಇದ್ದು ಗೇರು ಬದಲಾದ ಮೇಲೆ ಜಾರಿದರೆ ಮೇಲಿನ ಕ್ಲಚ್ಚು. ಯಾವುದರಲ್ಲೂ ಅಲ್ಲಾಡದಿದ್ದರೆ ಎಣ್ಣೆ, ಪಂಪು ಅಥವಾ ಕನ್ವರ್ಟರು. ಎಣ್ಣೆ ತುಂಬಿದ ಮೇಲೆ ನಮ್ಮದು ಮೂರರಲ್ಲೂ ಹೊರಟಿತು. ಆಮೇಲೆ ಬ್ರೇಕ್ ಪೂರ್ತಿ ಒತ್ತಿ, ಡಿಯಲ್ಲಿ ಇಟ್ಟು, ಆಕ್ಸಿಲರೇಟರ್ ತುಳಿದು ನೋಡಿದರು. ಇದಕ್ಕೆ ಸ್ಟಾಲ್ ಟೆಸ್ಟ್ ಅಂತಾರೆ. ಎಂಜಿನ್ ಒಂದು ಮಿತಿಯವರೆಗೆ ಏರಿ ನಿಲ್ಲಬೇಕು. ಅದಕ್ಕಿಂತ ಮೇಲೆ ಹಾರಿದರೆ ಒಳಗೆ ಜಾರ್ತಿದೆ, ಕೆಳಗೇ ನಿಂತರೆ ಎಂಜಿನ್ ಅಥವಾ ಕನ್ವರ್ಟರ್ ಸೋತಿದೆ. ಐದು ಸೆಕೆಂಡಿಗಿಂತ ಜಾಸ್ತಿ ಮಾಡಿದರೆ ಎಣ್ಣೆಯೇ ಸುಡುತ್ತೆ, ದಯವಿಟ್ಟು ನಿಮ್ಮ ಕಾರಿನಲ್ಲಿ ಪ್ರಯೋಗ ಮಾಡಬೇಡಿ. ಮೇಸ್ತ್ರಿ ಮೂರೇ ಸೆಕೆಂಡಿಗೆ ಕಾಲು ತೆಗೆದು, "ಬಾಕ್ಸ್ ಗಟ್ಟಿಯಾಗೈತೆ" ಅಂದರು.

ಆಮೇಲೆ ಮೂರು ಅಳತೆ. ಎಂಜಿನ್ ಆಯಿಲ್ ಕಡ್ಡಿಗೆ ಒಂದು ಗೆರೆ, ರೇಡಿಯೇಟರ್ ನೀರಿಗೆ ಒಂದು ಗುರುತು, ಗೇರ್ ಬಾಕ್ಸಿನ ಕಡ್ಡಿಗೆ ಒಂದು ಗೆರೆ. ಗಾಡಿ ತಗೊಂಡು ಚನ್ನರಾಯಪಟ್ಟಣದ ಕಡೆ ಹೋಗಿ ಬಂದೆವು. ಹಿಂದೆ ಬರ್ತಿದ್ದ ಲಾರಿಯವನು ಹೊಗೆ ನೋಡಿ, ಗಾಡಿಗೆ ಬೆಂಕಿ ಬಿದ್ದಿದೆ ಅಂತ ಹಾರ್ನ್ ಹೊಡೆದು ನಿಲ್ಲಿಸಿದ. ವಾಪಸ್ ಬಂದು ನೋಡಿದರೆ ಎಂಜಿನ್ ಆಯಿಲ್ ಹಾಗೇ ಇದೆ. ಅಂದರೆ ರಿಂಗ್ ಅಲ್ಲ. ನೀರು ಹಾಗೇ ಇದೆ. ಹೆಡ್ ಗ್ಯಾಸ್ಕೆಟ್ ಅಲ್ಲ. ಗೇರ್ ಬಾಕ್ಸಿನ ಎಣ್ಣೆ ಮಾತ್ರ ಇಳಿದಿದೆ.

"ಗೇರ್ ಬಾಕ್ಸ್‌ಗೆ ಏನೂ ಆಗಿಲ್ಲ ಕಣಪ್ಪ. ಅದರ ಎಣ್ಣೆನ ಎಂಜಿನ್ ಕುಡೀತಾ ಐತೆ."

ಹೇಗೆ ಅಂತೀರಾ? ಗಾಡಿ ಏರು ಹತ್ತುತ್ತಿದೆಯಾ, ಸುಮ್ಮನೆ ಉರುಳುತ್ತಿದೆಯಾ ಅಂತ ಗೇರ್ ಬಾಕ್ಸಿಗೆ ಗೊತ್ತಾಗಬೇಕು. ಈಗಿನ ಕಾರಿನಲ್ಲಿ ಅದನ್ನ ಕಂಪ್ಯೂಟರ್ ಹೇಳುತ್ತೆ. ಆಗ ಅದಕ್ಕೆ ಇದ್ದದ್ದು ಒಂದು ಕೊಳವೆ. ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಸದಾ ಒಂದು ಎಳೆತ, ವ್ಯಾಕ್ಯೂಮ್ ಇರುತ್ತೆ. ಹಗುರ ಕೆಲಸಕ್ಕೆ ಎಳೆತ ಜಾಸ್ತಿ, ಭಾರ ಬಿದ್ದಾಗ ಕಡಿಮೆ. ಆ ಎಳೆತವನ್ನ ಕೊಳವೆಯಲ್ಲಿ ಗೇರ್ ಬಾಕ್ಸಿನ ತನಕ ತಂದು, ಅಲ್ಲಿ ಒಂದು ಪುಟ್ಟ ತಗಡಿನ ಡಬ್ಬಿಗೆ ಕೊಡ್ತಾರೆ. ಅದರ ಹೆಸರು ವ್ಯಾಕ್ಯೂಮ್ ಮಾಡ್ಯುಲೇಟರ್. ಒಳಗೆ ಒಂದು ರಬ್ಬರ್ ಪೊರೆ. ಎಳೆತ ಹೆಚ್ಚಿದ್ದರೆ ಎಣ್ಣೆಯ ಒತ್ತಡ ಕಡಿಮೆ, ಗೇರು ಮೆತ್ತಗೆ ಬೀಳುತ್ತೆ. ಎಳೆತ ಇಲ್ಲದಿದ್ದರೆ ಭಾರ ಜಾಸ್ತಿ ಇದೆ ಅಂದುಕೊಂಡು ಗಟ್ಟಿಯಾಗಿ ಹಿಡಿಯುತ್ತೆ. ಪೊರೆಯ ಒಂದು ಕಡೆ ಗೇರ್ ಬಾಕ್ಸಿನ ಎಣ್ಣೆ, ಇನ್ನೊಂದು ಕಡೆ ಎಂಜಿನ್ನಿನ ಎಳೆತ. ಅರವತ್ತು ವರ್ಷಕ್ಕೆ ರಬ್ಬರ್ ಹರಿಯಿತು. ಎಂಜಿನ್ ಸ್ಟ್ರಾ ಹಾಕಿದ ಹಾಗೆ ಎಣ್ಣೆ ಎಳೆದು, ಸುಟ್ಟು, ಬಿಳಿ ಹೊಗೆ ಮಾಡಿ ಸೈಲೆನ್ಸರಿನಲ್ಲಿ ಬಿಡ್ತಿತ್ತು. ಹೊಗೆ, ತಡ, ಜಾರಾಟ, ಜರ್ಕ್, ನಾಲ್ಕೂ ಒಂದೇ ಪೊರೆಯ ಕೆಲಸ.

ಮೇಸ್ತ್ರಿ ಎಂಜಿನ್ ಆಫ್ ಮಾಡಿಸಿ, ಗಾಡಿ ಕೆಳಗೆ ನುಗ್ಗಿ, ಆ ಡಬ್ಬಿಗೆ ಸೇರೋ ರಬ್ಬರ್ ಹೋಸ್ ಕಿತ್ತರು. ಅದರಲ್ಲಿ ಗಾಳಿ ಬಿಟ್ಟು ಇನ್ನೇನೂ ಇರಬಾರದು. ಬೆರಳು ಕೆಂಪಗಾಯಿತು. ಹೋಸಿನ ಬಾಯಿಗೆ ಒಂದು ಬೋಲ್ಟ್ ತುರುಕಿ ಮತ್ತೆ ಸ್ಟಾರ್ಟ್ ಮಾಡಿಸಿದರು. ಉಳಿದ ಎಣ್ಣೆ ಸುಡೋವರೆಗೆ ಹತ್ತು ನಿಮಿಷ ಹೊಗೆ ಬಂತು. ಆಮೇಲೆ ನಿಂತಿತು. ದೊಡ್ಡಪ್ಪ ಹೋಗಿ ಸೈಲೆನ್ಸರಿನ ಹಿಂದೆ ನಿಂತು ನೋಡುತ್ತಾ, ಬಹಳ ಹೊತ್ತು ಅಲ್ಲೇ ಇದ್ದರು.

ಇದೆಲ್ಲ ಎಲ್ಲಿ ಕಲಿತಿರಿ ಅಂತ ಕೇಳಿದೆ. ಹಾಸನದಲ್ಲಂತೂ ಅಲ್ಲ ಅಂತ ನನಗೆ ಗೊತ್ತಿತ್ತು. "ದಮ್ಮಾಮ್" ಅಂದರು.

1983ರಲ್ಲಿ ಅವರು ಸೌದಿಗೆ ಹೋದರಂತೆ. ನಮ್ಮ ಕಡೆಯಿಂದ, ಕರಾವಳಿಯಿಂದ, ಮಲಬಾರಿನಿಂದ ಸಾವಿರಾರು ಜನ ಹೋದ ಕಾಲ ಅದು. ಗಲ್ಫಿನ ರಸ್ತೆ ತುಂಬಾ ಷೆವರ್ಲೆ ಕ್ಯಾಪ್ರಿಸ್, ಬ್ಯೂಕ್. ಎಲ್ಲವೂ ಆಟೊಮ್ಯಾಟಿಕ್. ಪವರ್‌ಗ್ಲೈಡ್ ಬದಲು 1969ರಿಂದ ಬಂದ ಟರ್ಬೊ 350 ಅನ್ನೋ ಬಾಕ್ಸಿಗೂ ಇದೇ ಥರದ ಡಬ್ಬಿ, ಇದೇ ಪೊರೆ, ಇದೇ ಹೊಗೆ. ಗ್ಯಾರೇಜಿನಲ್ಲಿ ಫಿಲಿಪ್ಪೀನ್ಸಿನ ಒಬ್ಬ ಮೆಕ್ಯಾನಿಕ್ ಮೊದಲ ವಾರವೇ ಹೋಸ್ ಕಿತ್ತು ಬೆರಳು ತೋರಿಸಿದನಂತೆ. ಮೇಸ್ತ್ರಿ ಹದಿಮೂರು ವರ್ಷ ಅಲ್ಲಿದ್ದು 1996ರಲ್ಲಿ ವಾಪಸ್ ಬಂದರು.

ನನಗೆ ಇತಿಹಾಸ ಒಂದು ಕ್ಷಣ ನಕ್ಕ ಹಾಗಾಯಿತು. ಐವತ್ತು ಅರವತ್ತರ ದಶಕದಲ್ಲಿ ನಮ್ಮಲ್ಲಿ ಗಾಡಿಗಳಿದ್ದವು, ರೋಗ ಹಿಡಿಯೋ ವಿದ್ಯೆ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಗಲ್ಫಿನಿಂದ ವಿದ್ಯೆ ಬಂತು, ಆ ಹೊತ್ತಿಗೆ ಗಾಡಿಗಳು ಡೀಸೆಲ್ ಆಗಿಯೋ ಗುಜರಿ ಆಗಿಯೋ ಮುಗಿದಿದ್ದವು. ಮೇಸ್ತ್ರಿ ಬಂದು ಹಾಸನದಲ್ಲಿ ಮತ್ತೆ ಅಂಬಾಸಿಡರ್ ಕ್ಲಚ್ ಪ್ಲೇಟೇ ಬದಲಿಸಿದರು, ಆಮೇಲೆ ಇಂಡಿಕಾ. ನಮ್ಮ ರಸ್ತೆಗೆ ಆಟೊಮ್ಯಾಟಿಕ್ ನಿಜವಾಗಿ ಬಂದದ್ದು 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಎಎಂಟಿ ಅನ್ನೋ ಅಗ್ಗದ ದಾರಿ ಸಿಕ್ಕ ಮೇಲೆ. ಅದೂ ನೋಡಿದರೆ ಮ್ಯಾನುಯಲ್ ಬಾಕ್ಸೇ, ಕ್ಲಚ್ ಒತ್ತೋ ಕಾಲಿನ ಬದಲು ಒಂದು ಯಂತ್ರ ಇಟ್ಟಿದ್ದಾರೆ, ಅಷ್ಟೇ. ಸಿಲ್ಕ್ ಬೋರ್ಡಿನಲ್ಲಿ ನಿಮ್ಮ ಎಡಗಾಲಿಗೆ ಸಿಕ್ಕ ವಿರಾಮಕ್ಕೂ ಫ್ಯೋಟಿಂಗರನ ಎಣ್ಣೆಗೂ ಬಹಳಷ್ಟು ಸಲ ಸಂಬಂಧವೇ ಇಲ್ಲ.

ಎಣ್ಣೆ ಅಂದಾಗ ಇನ್ನೊಂದು ಮಾತು ನೆನಪಾಯಿತು. ಇದು ಓದಿ ನನಗೆ ಎರಡು ದಿನ ಮನಸ್ಸಿಗೆ ಒಂಥರಾ ಆಗಿತ್ತು. ಎಪ್ಪತ್ತರ ದಶಕದ ಶುರುವಿನ ತನಕ ಈ ಕೆಂಪು ಎಣ್ಣೆಯಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಇರ್ತಿತ್ತು. ಕ್ಲಚ್ ಪ್ಲೇಟುಗಳು ಒಂದನ್ನೊಂದು ಹಿಡಿಯೋವಾಗ ಜರ್ಕ್ ಆಗದೆ ನಯವಾಗಿ ಹಿಡಿಯಲಿ ಅಂತ. 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸಿದ ಮೇಲೆ ಕಂಪನಿಗಳು ಬೇರೆ ರಾಸಾಯನಿಕ ಹುಡುಕಬೇಕಾಯಿತು, ಡೆಕ್ಸ್‌ರಾನ್ 2 ಅನ್ನೋ ಹೊಸ ಎಣ್ಣೆ ಬಂತು. ನಮ್ಮ ತಾತನ ಗಾಡಿ ಮೊದಲ ಸಲ ರಸ್ತೆಗಿಳಿದಾಗ ಅದರ ಹೊಟ್ಟೆಯಲ್ಲಿ ತಿಮಿಂಗಿಲ ಇತ್ತು. ಹಾಸನದಲ್ಲಿ ಆ ಎಣ್ಣೆ ಸಿಗದೆ ಎಂಜಿನ್ ಆಯಿಲ್ಲನ್ನೇ ಸುರಿದವರೂ ಇದ್ದರು ಅಂತ ಮೇಸ್ತ್ರಿ ಹೇಳಿದರು. ಹಾಗೆ ಸುರಿದರೆ ಕ್ಲಚ್ ಹಿಡಿಯೋ ರೀತಿಯೇ ಬದಲಾಗಿ ಬೇಗ ಸವೆದುಹೋಗುತ್ತೆ. ಒಮ್ಮೆ ಹಾಗೆ ಸವೆದ ಬಾಕ್ಸು ನಿಜಕ್ಕೂ ಸತ್ತಿರುತ್ತೆ, ತಪ್ಪು ತೀರ್ಪೇ ಸರಿ ಆಗಿಬಿಡುತ್ತೆ.

ಹೊಸ ಮಾಡ್ಯುಲೇಟರ್ ಅಮೆರಿಕದಿಂದ ತರಿಸಿದೆ. ಈಗಲೂ ತಯಾರಾಗುತ್ತೆ, ಯಾಕಂದ್ರೆ ಪವರ್‌ಗ್ಲೈಡ್ ಅಲ್ಲಿ ಡ್ರ್ಯಾಗ್ ರೇಸಿನವರ ಮೆಚ್ಚಿನ ಬಾಕ್ಸು, ಎರಡೇ ಗೇರು, ಗಟ್ಟಿ. ಡಬ್ಬಿಗಿಂತ ಅದನ್ನ ಕಳಿಸೋ ಖರ್ಚು, ಕಸ್ಟಮ್ಸ್ ಎರಡೂ ಸೇರಿ ಜಾಸ್ತಿ ಆಯಿತು. ಮೇಸ್ತ್ರಿ ಹಳೇ ಡಬ್ಬಿ ತಿರುಗಿಸಿ ತೆಗೆದು, ಹೊಸದನ್ನ ಕೈಯಲ್ಲೇ ಅರ್ಧ ತಿರುಗಿಸಿ, ಆಮೇಲೆ ಸ್ಪ್ಯಾನರ್ ಹಾಕಿದರು. ಅಲ್ಯೂಮಿನಿಯಂ ಕೇಸು, ಜೋರು ಮಾಡಿದರೆ ಮರೆ ಹೋಗುತ್ತೆ. ಇಪ್ಪತ್ತು ನಿಮಿಷದ ಕೆಲಸ. ಹೋಸೂ ಹೊಸದು ಹಾಕಿಸಿದರು, ಅದು ಎಲ್ಲಾದರೂ ಸೀಳಿದರೆ ಬರೀ ಜರ್ಕ್ ಮತ್ತೆ ಶುರುವಾಗುತ್ತೆ ಅಂತ.

ದೊಡ್ಡಪ್ಪ ಕೂಲಿ ಎಷ್ಟು ಅಂತ ಕೇಳಿದಾಗ ಮೇಸ್ತ್ರಿ ದುಡ್ಡಿನ ಮಾತಿಗೆ ಬರಲಿಲ್ಲ. ಹಳೇ ಡಬ್ಬಿಯನ್ನ ಕೈಯಲ್ಲಿ ತಿರುಗಿಸ್ತಾ ಕೂತಿದ್ದರು.

"1979ರಲ್ಲಿ ಸಕ್ಲೇಶ್ಪುರದ ಕಡೆ ತೋಟದ ಯಜಮಾನ್ರೊಬ್ರು ಇಂಥದೇ ಗಾಡಿ ತಂದಿದ್ರು ಗೌಡ್ರೆ. ಬಿಳಿ ಹೊಗೆ. ಏರಲ್ಲಿ ಎಳೆಯಲ್ಲ. ನಾನಾಗ ಇಪ್ಪತ್ತಾರು ಇಪ್ಪತ್ತೇಳರ ಹುಡುಗ. ನಮ್ ಉಸ್ತಾದ್ರೂ ನಾನೂ ಸೇರಿ ಬಾಕ್ಸ್ ಸತ್ತೋಯ್ತು ಅಂದ್ವಿ. ಇಳಿಸಿ ಡೀಸೆಲ್ ಕೂರ್ಸಿದ್ವಿ. ಆ ಯಜಮಾನ್ರಿಗೆ ಮನಸ್ಸಿರ್ಲಿಲ್ಲ. ನಾವು ಹೇಳಿದ್ದಕ್ಕೆ ಒಪ್ಕೊಂಡ್ರು."

"ಅದೂ ಇದೇ ಡಬ್ಬಿನಾ?" ಅಂತ ನಾನು ಕೇಳಿದೆ.

"ಯಾರಿಗೊತ್ತು. ಹೋಸ್ ಕೀಳ್ಲಿಲ್ವಲ್ಲ ನಾವು."

ದಮ್ಮಾಮಿನಲ್ಲಿ ಆ ಫಿಲಿಪ್ಪೀನ್ಸಿನವನು ಬೆರಳು ತೋರಿಸಿದ ದಿನ ಮೊದಲು ನೆನಪಾಗಿದ್ದು ಆ ಗಾಡಿಯಂತೆ. ಊರಿಗೆ ಬಂದ ಮೇಲೆ ವಿಚಾರಿಸಿದರೆ ಯಜಮಾನರೂ ಇರಲಿಲ್ಲ, ಗಾಡಿಯೂ ಇರಲಿಲ್ಲ.

ದೊಡ್ಡಪ್ಪ ಬಲವಂತ ಮಾಡಿ ಜೇಬಿಗೆ ದುಡ್ಡು ಇಟ್ಟರು, ಎರಡು ತೆಂಗಿನಕಾಯಿ ಗೊನೆ ಆಟೋಗೆ ಹಾಕಿಸಿದರು. ಹೊರಡೋವಾಗ ಮೇಸ್ತ್ರಿ, "ಇದು ನಿಮಗೆ ಬೇಕಾ?" ಅಂತ ಹರಿದ ಪೊರೆಯ ಆ ಡಬ್ಬಿ ತೋರಿಸಿದರು. ಬೇಡ ಅಂದೆವು. ಬಿಳಿ ಬಟ್ಟೆಯಲ್ಲಿ ಸುತ್ತಿ ಚೀಲದೊಳಗೆ ಇಟ್ಟುಕೊಂಡರು.